ಹನ್ನೊಂದು ಎಮ್ಮೆ

ದೇಗಾಂವದಲ್ಲಿ ಬಸ್ಸಿಳಿದ ರೇಣು ಊರಿನ ಹಳೆಯ ಗುಡಿಯ ಕಡೆ ತಿರುಗಿಯೂ ನೋಡದೆ ಕಾಡಿನ ಹಾದಿ ಹಿಡಿದಳು. ಎರಡು ತಾಸಿನ ನಡಿಗೆ. ಹಳ್ಳ ದಾಟಿ ಎಡಕ್ಕೆ, ಸೀಳಿದ ಮತ್ತಿಮರದ ಬಳಿ ಬಲಕ್ಕೆ, ಆಮೇಲೆ ಬರೀ ಏರು. ಕಳೆದ ಚಳಿಗಾಲದಲ್ಲಿ ಬೈಲಹೊಂಗಲದ ಚಾರಣದ ಗುಂಪಿನ ಜೊತೆ ಬಂದಾಗ ಪ್ರತಿ ತಿರುವನ್ನೂ ಬರೆದುಕೊಂಡಿದ್ದಳು. ಅದೆಲ್ಲ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಹಗಲು ಝೆರಾಕ್ಸ್ ಅಂಗಡಿ, ಸಂಜೆ ಕಾಲೇಜು ಎಂದು ಆರು ವರ್ಷ ಓಡಾಡಿ ಡಿಗ್ರಿ ಮುಗಿಸಿದವಳು ಅವಳು. ಬರಹದಲ್ಲಿ ಒಂದು ತಪ್ಪು ಸಿಕ್ಕರೂ ಜನ ಸಂಜೆ ಕಾಲೇಜಿನವಳು ಎಂದಾರೆಂಬ ಅಂಜಿಕೆ. ಎರಡು ಸಲ ಖಾತ್ರಿ ಮಾಡಿಕೊಳ್ಳದೆ ಏನನ್ನೂ ಬರೆಯುತ್ತಿರಲಿಲ್ಲ. ಹುಲ್ಲುಗಾವಲಿನ ಅಂಚಿನ ಕಟ್ಟಿಗೆಯ ಪುಟ್ಟ ಮನೆ, ಅಲ್ಲಿ ಒಬ್ಬಳೇ ಇರುವ ಗೌಳಿ ಮುದುಕಿ ಬಾಯವ್ವ, ಅವಳ ಎಮ್ಮೆಗಳು, ಅವಳು ಕೊಟ್ಟ ಮಜ್ಜಿಗೆ, ಎಲ್ಲವನ್ನೂ ಬರೆದಿದ್ದಳು. ಓದಿದವರು ಹೊಗಳಿದ್ದರು.

ಮೊನ್ನೆ ಅದೇ ಗುಂಪಿನ ಪೂನಮ್ ಅಂಗಡಿಗೆ ಬಂದು, "ಕಾಡಿನ್ಯಾಗ ಎಮ್ಮಿ ಮೇಯಿಸೋ ಬಾಯವ್ವನ ಪಾಸ್ ಫಾರೆಸ್ಟಿನವರು ರದ್ದ ಮಾಡ್ಯಾರಂತ. ಶನಿವಾರದೊಳಗ ಆ ಮನಿ ಬಿಡಬೇಕಂತ," ಎಂದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಅಂದು ರಾತ್ರಿ ರೇಣು ತನ್ನ ಬರಹವನ್ನು ತೆಗೆದು ಮತ್ತೆ ಓದಿದ್ದಳು. ಇದು ನಿನ್ನಿಂದಾದದ್ದಲ್ಲ ಎಂಬ ಮಾತನ್ನು ಬಾಯವ್ವನ ಬಾಯಿಂದಲೇ ಕೇಳಬೇಕಿತ್ತು. ಅದಕ್ಕೇ ರಜೆ ಹಾಕಿ ಬಂದಿದ್ದಳು.

ಹಾದಿಯುದ್ದಕ್ಕೂ ಚಿಪ್ಸ್ ಪೊಟ್ಟಣಗಳು ಬಿದ್ದಿದ್ದವು. ಮತ್ತಿಮರಕ್ಕೆ ಯಾರೋ ಸುಣ್ಣದಲ್ಲಿ ಬಾಣ ಬರೆದಿದ್ದರು. ಅದೂ ಬಲಕ್ಕೇ ತೋರಿಸುತ್ತಿತ್ತು.

ಹುಲ್ಲುಗಾವಲು ಕಂಡಾಗ ಬಾಯವ್ವ ಅಂಗಳದಲ್ಲಿ ಕುಳಿತು ಕೌದಿಯಲ್ಲಿ ಪಾತ್ರೆ ಕಟ್ಟುತ್ತಿದ್ದಳು. ಮನೆಗೆ ಬಾಗಿಲಿರಲಿಲ್ಲ.

"ಬಂದೇನವಾ, ಬರಿಯಾಕಿ. ಬಾಗಲಾ ಕಿತ್ತೇನಿ. ಬಂದವರಿಗೆ ಬಡಿಯೂ ತ್ರಾಸಿಲ್ಲ."

"ಆಯಿ, ಪಾಸ್ ಯಾಕ ರದ್ದ ಮಾಡಿದ್ರು?"

"ಸಾಹೇಬ್ರ ಕೈಯಾಗ ಪೇಪರ್ ಇತ್ತು. ನನ್ನ ಫೋಟೋ ನೋಡಿ ನಾನೂ ನಕ್ಕೆ. ಆಮ್ಯಾಲ ಓದಿ ಹೇಳಿದ್ರು, ಇಪ್ಪತ್ಮೂರು ಎಮ್ಮಿ ಅಂತ."

ಅದು ರೇಣುವೇ ಬರೆದ ಲೆಕ್ಕ. ಎಮ್ಮೆ ಎಷ್ಟೆಂದು ಅಂದು ಕೇಳಿದಾಗ ಮುದುಕಿ ಹನ್ನೊಂದು ಎಂದಿದ್ದಳು. ಪಾಪ, ಶಾಲೆಯ ಮುಖ ಕಾಣದವಳು, ಎಣಿಕೆ ಬರಲಿಕ್ಕಿಲ್ಲ ಎಂದುಕೊಂಡು ರೇಣು ತಾನೇ ಹುಲ್ಲಿಗಿಳಿದು ಎಣಿಸಿದ್ದಳು. ಎರಡು ಸಲ.

"ಪಾಸ್ ಇದ್ದದ್ದ ಹನ್ನೊಂದಕ್ಕ," ಎಂದಳು ಬಾಯವ್ವ ಗಂಟು ಬಿಗಿಯುತ್ತ. "ಗಾರ್ಡಗೂ ಗೊತ್ತಿತ್ತು. ಅಂವಾ ಮಜ್ಜಗಿ ಕುಡದು ಹೋಗತಿದ್ದ, ಎಂದೂ ಎಣಿಸಲಿಲ್ಲ. ನೀ ಎಣಿಸಿದಿ."

"ನನಗ ಗೊತ್ತಿರಲಿಲ್ಲ ಆಯಿ. ನಾ ಅಂದ್ಕೊಂಡೆ, ನಿನಗ..."

"ನಲವತ್ತ ವರ್ಸ ಎಮ್ಮಿ ಕಾದಾಕಿಗೆ ಎಣಿಕಿ ಬರೂದಿಲ್ಲ ಅಂದ್ಕೊಂಡಿ."

ರೇಣು ತಲೆ ತಗ್ಗಿಸಿದಳು. "ಸಾಹೇಬ್ರ ಕಡೆ ಹೋಗಿ ಹೇಳ್ತೇನಿ. ನಾ ಎಣಿಸಿದ್ದು ತಪ್ಪಾಗೇತಿ ಅಂತ."

"ಅವರೂ ಬಂದು ಎಣಿಸ್ಯಾರವಾ. ಹುಡುಗಿ ಬರದದ್ದು ಬರೋಬ್ಬರಿ ಐತಿ ಅಂದ್ರು. ಭಾಳ ಶಾಣ್ಯಾಕಿ ಅಂದ್ರು."

ಕಟ್ಟಿದ ಗಂಟಿನಿಂದ ಒಂದು ಲೋಟ ಹೊರಗೆಳೆದು ಬಾಯವ್ವ ಮಜ್ಜಿಗೆ ಬಗ್ಗಿಸಿದಳು. "ಕುಡಿ. ಬಿಸಲಾಗ ಬಂದಿ." ಬೇಡ ಎನ್ನಲು ರೇಣುವಿಗೆ ಧೈರ್ಯವಾಗಲಿಲ್ಲ. ಕುಡಿದು ಲೋಟ ತೊಳೆದು ಕೊಟ್ಟಳು. ಮುದುಕಿ ಅದನ್ನು ಮತ್ತೆ ಗಂಟಿಗೆ ಸೇರಿಸಿದಳು.

ಮನೆ ಬಿಟ್ಟು ಇಳಿಯುವಾಗ ಎಮ್ಮೆಗಳು ಮುಂದೆ, ಅವರಿಬ್ಬರು ಹಿಂದೆ. ರೇಣು ಗಂಟು ಹೊತ್ತಿದ್ದಳು.

"ಹನ್ನೆರಡು ಹೋದ ಸಂತಿಗೆ ಹೊಡಕೊಂಡ ಹೋಗಿ ಮಾರೇನಿ," ಎಂದಳು ಬಾಯವ್ವ. "ಈಗ ಎಣಸ. ಈಗ ನಾನೂ ಖರೇ ಹೇಳಿದಾಂಗ ಆತು."

ಮತ್ತಿಮರದ ಬಳಿ ಹಾದಿ ಕಿರಿದಾಗಿ ಎಮ್ಮೆಗಳು ಒಂದೊಂದಾಗಿ ದಾಟತೊಡಗಿದವು. ರೇಣು ಮುಖ ತಿರುಗಿಸಿ ನಿಂತಳು. ಆದರೂ ಹನ್ನೊಂದನೆಯದರ ಕೊರಳ ಗಂಟೆ ಕಿವಿಗೆ ಬಿದ್ದಾಗ, ಇನ್ನು ಯಾವುದೂ ಉಳಿದಿಲ್ಲವೆಂದು ಅವಳಿಗೆ ತಿಳಿದಿತ್ತು.