ಆ ದಿನ ನಾನೂ ಅಲ್ಲಿದ್ದೆ

ಮೀನುಗಾರರ ಊರಿನ ಶಾಲೆಯ ಗಾಜಿನ ಬೀರುವಿನ ಬೀಗದ ಕೈ ಹೆಡ್‌ಮಾಸ್ತರ ಕ್ವಾನ್ಸಾ ಅವರ ಜೇಬಿನಲ್ಲೇ ಇರುತ್ತಿತ್ತು. ಅಕ್ರಾದ ಸಂಘವೊಂದು ಮಕ್ಕಳಿಗೆಂದು ಕೊಟ್ಟ ಪುಸ್ತಕಗಳು ಅದರೊಳಗೆ ಸೇರಿದ ಮೇಲೆ ಎರಡು ಮಳೆಗಾಲ ಕಳೆದಿದ್ದವು. ಒಂದು ಮಗುವಿನ ಬೆರಳೂ ಅವುಗಳ ಹಾಳೆಗೆ ತಾಗಿರಲಿಲ್ಲ. "ಮೀನು ಮುಟ್ಟಿದ ಕೈಗಳು" ಎನ್ನುತ್ತಿದ್ದರು, ಅದೇ ಮೀನಿನಿಂದ ಹೊಟ್ಟೆ ಹೊರೆದು ಓದಿ ಮೇಲೆ ಬಂದ ಮಾಸ್ತರರು.

ಮಕ್ಕಳು ಗಾಜಿಗೆ ಮೂಗೊತ್ತಿ ಪುಸ್ತಕಗಳ ಬೆನ್ನ ಮೇಲಿನ ಹೆಸರು ಓದುತ್ತಿದ್ದರು. ಒಳಗಿನ ಕಥೆಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಓದುವ ಕೋಣೆ ನೋಡಿಕೊಳ್ಳುತ್ತಿದ್ದ ಅರಬಾ ದರ್ಜಿಯ ಅಂಗಡಿಯಿಂದ ಬಣ್ಣದ ಬಟ್ಟೆಚೂರು ತಂದುಕೊಟ್ಟರೆ, ಅವನ್ನು ಕತ್ತರಿಸಿ ಹೊಲಿದು ಬಟ್ಟೆಯ ಪುಸ್ತಕ ಮಾಡುತ್ತಿದ್ದರು. ಎಫುವಾ ಎಂಬ ಹುಡುಗಿಯ ಪುಸ್ತಕದಲ್ಲಿ ಬಿಳಿ ಕರಡಿ ಊರಾಚೆಯ ಉಪ್ಪಿನ ಪಾತಿಯಲ್ಲಿ ದುಡಿದು ದುಡಿದು ಬೆಳ್ಳಗಾಗಿತ್ತು. ಅಸಲು ಕಥೆಯಲ್ಲಿ ಏನಿದೆಯೋ ಎಂಬುದು ಅವಳನ್ನು ಕೊರೆಯುತ್ತಿತ್ತು.

ಆ ಮಂಗಳವಾರ, ಕಡಲಿಗಿಳಿಯಬಾರದೆಂಬ ಕಟ್ಟಳೆಗೆ ದೋಣಿಗಳೆಲ್ಲ ದಡದಲ್ಲಿದ್ದ ದಿನ, ಸಂಘದ ಶ್ರೀಮತಿ ಡಾಡ್ಜಿ ಮಕ್ಕಳಿಗೆ ಕಥೆ ಓದಲು ಬರುವವರಿದ್ದರು.

"ನೋಡಮ್ಮ ಅರಬಾ, ಅವರು ಓದೋವಾಗ ಒಂದು ಕೆಮ್ಮೂ ಕೇಳಬಾರದು. ಮಕ್ಕಳು ಸುಮ್ಮನಿದ್ರೆ ಬೀರು ತೆರೀತೀನಿ. ಇಲ್ದಿದ್ರೆ ಮರೆತುಬಿಡು" ಎಂದರು ಮಾಸ್ತರರು.

ಅರಬಾ ತಲೆಯಾಡಿಸಿದಳು. ಮೌನ ಅವಳಿಗೆ ಸುಲಭ. ಮಾತಾಡಬೇಕಾದ ಕಡೆಗಳಲ್ಲೂ ಅದರೊಳಗೆ ಹೊಕ್ಕು ಬದುಕಿದವಳು ಅವಳು.

ಎಫುವಾಗೆ ಅದು ಹಿಡಿಸಲಿಲ್ಲ. "ಅಕ್ಕಾ, ಕಥೆ ಹೇಳೋರನ್ನ ಒಂಟಿಯಾಗಿ ಬಿಟ್ಬಿಡೋದಾ? ನಮ್ಮಜ್ಜಿ ಆಗಿದ್ರೆ ಸೆರಗು ಕೊಡವಿ ಎದ್ದು ಹೋಗ್ತಿದ್ಲು."

"ಒಂದು ದಿನ ತಡ್ಕೋ ಮಾರಾಯ್ತಿ."

ಆ ಊರಲ್ಲಿ ಕಥೆ ಇಕ್ಕಟ್ಟಿಗೆ ಬಂದಾಗ ಕೇಳುವವರಲ್ಲೊಬ್ಬರು ತಡೆಯುತ್ತಾರೆ. "ಆ ದಿನ ನಾನೂ ಅಲ್ಲಿದ್ದೆ" ಎಂದು ಹಾಡೆತ್ತುತ್ತಾರೆ. ಎಲ್ಲರೂ ಚಪ್ಪಾಳೆ ಕೂಡಿಸುತ್ತಾರೆ. ಹೇಳುವವರು ಅಷ್ಟರಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಯಾರೂ ತಡೆಯದ ಕಥೆ ಯಾರಿಗೂ ಬೇಡವಾದ ಕಥೆ.

ಶ್ರೀಮತಿ ಡಾಡ್ಜಿ ಬಿಳಿ ಕರಡಿಯ ಪುಸ್ತಕವನ್ನೇ ಆರಿಸಿಕೊಂಡರು. ಮಕ್ಕಳು ಬಾಯಿ ಬಿಗಿಹಿಡಿದು ಕೂತರು. ಹಿಮದಲ್ಲಿ ದಾರಿ ತಪ್ಪಿದ ಕರಡಿಮರಿ ಮಂಜುಗಡ್ಡೆಯ ಬಿರುಕಿನಲ್ಲಿ ಬಿತ್ತು, ಹತ್ತಿತು, ಜಾರಿತು. ಅಲ್ಲಿಗೆ ಅವರು ಓದು ನಿಲ್ಲಿಸಿ, ಹಾಳೆ ತಿರುವಲು ಬೆರಳು ಒದ್ದೆ ಮಾಡಿಕೊಂಡರು.

ಆ ಬಿಡುವನ್ನು ಎಫುವಾ ಸಹಿಸಲಾರದೆ ಹೋದಳು.

"ನಿಲ್ಲಿಸಿ ಅಮ್ಮಾ! ಆ ದಿನ ನಾನೂ ಅಲ್ಲಿದ್ದೆ!" ಎಂದು ಬಲೆ ಎಳೆಯುವ ಹಾಡು ಎತ್ತಿಯೇಬಿಟ್ಟಳು. ಮರಿಯನ್ನು ಮೇಲೆತ್ತಬೇಕಲ್ಲ! ಕೋಣೆಗೆ ಕೋಣೆಯೇ ಎದ್ದು ಇಲ್ಲದ ಹಗ್ಗ ಎಳೆಯತೊಡಗಿತು.

"ಎಲ್ಲಿದ್ದೆಯೇ ನೀನು? ಹಿಮದಲ್ಲಾ? ಸುಳ್ಳುಬುರುಕಿ!" ಮಾಸ್ತರರು ಮೇಜು ಗುದ್ದಿದರು.

ಹಾಡು ತುಂಡಾಗಿ ಬಿತ್ತು. ಶ್ರೀಮತಿ ಡಾಡ್ಜಿ ಗಡಿಯಾರ ನೋಡಿಕೊಂಡು, "ಚುರುಕು ಮಕ್ಕಳು" ಎಂದು ನಕ್ಕು, ಪುಸ್ತಕವನ್ನು ಮೇಜಿನ ಮೇಲಿಟ್ಟು ಕಾರು ಹತ್ತಿದರು. ಅವರೂ ಇದೇ ಕಡಲ ದಂಡೆಯವರು. ಯಾವುದೋ ಅಜ್ಜಿಯ ಮುಂದೆ ಅವರೂ ಚಪ್ಪಾಳೆ ತಟ್ಟಿರಲೇಬೇಕು. ಅಷ್ಟು ಬೇಗ ಮರೆಯಲು ಹೇಗೆ ಸಾಧ್ಯವಾಯಿತು?

ಮಾಸ್ತರರು ಅವರನ್ನು ಕಳಿಸಿ ಹಿಂದಿರುಗಿ ಬೀರುವಿನ ಬೀಗ ಜಗ್ಗಿ ನೋಡಿದರು. "ಕೇಳೋದನ್ನ ಕಲೀಲಿ ಮೊದಲು. ಆಮೇಲೆ ಓದೋದು. ಕೊಡಮ್ಮ ಆ ಪುಸ್ತಕ" ಎಂದು ಅರಬಾಳತ್ತ ಕೈ ಚಾಚಿದರು.

ಎಫುವಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಳುತ್ತಿರಲಿಲ್ಲ, ಎರಡೂ ಕೈಗಳನ್ನು ಲಂಗಕ್ಕೆ ಉಜ್ಜುತ್ತಿದ್ದಳು, ವಾಸನೆ ಹೋಗಲೆಂಬಂತೆ. ಅದನ್ನು ಕಂಡು ಅರಬಾ ಮೇಜಿನತ್ತ ನಡೆದಳು. ಈ ಮಗುವಿನ ಬಾಯಿ ಮುಚ್ಚಿಸಲು ಹೊರಟವಳು ತಾನೂ ಅಲ್ಲವೇ?

ಅವಳು ಪುಸ್ತಕ ಎತ್ತಿಕೊಂಡಳು. ಕೊಡಲಿಲ್ಲ.

"ಕೇಳೋದು ಅಂದ್ರೆ ಏನು ಅಂತ ಅವರಿಗೆ ಗೊತ್ತು, ಮಾಸ್ತರೇ. ಮರಿ ಇನ್ನೂ ಬಿರುಕಿನಲ್ಲೇ ಇದೆ. ಅದನ್ನ ಅಲ್ಲೇ ಬಿಟ್ಟು ಬೀಗ ಹಾಕ್ತೀರಾ?"

"ಏನಮ್ಮಾ, ಬಾಯಿ ಬಂತಾ ನಿನಗೆ?"

"ಬಂತು" ಎಂದಳು ಅರಬಾ. ನೆಲದ ಮೇಲೆ ಕೂತು, ಓದು ನಿಂತಿದ್ದ ಹಾಳೆಯಿಂದಲೇ ಗಟ್ಟಿಯಾಗಿ ಓದತೊಡಗಿದಳು. ಒಂದು ಸಾಲಾಯಿತು. ಎರಡಾಯಿತು. ಮಾಸ್ತರರ ಚಾಚಿದ ಕೈ ಹಾಗೇ ಇತ್ತು. ಅರಬಾ ಓದು ನಿಲ್ಲಿಸಿ ಗೋಡೆಯ ಕಡೆ ನೋಡಿ ಕಾದಳು.

"ಅಕ್ಕಾ," ಎಫುವಾಳ ದನಿ ಗೋಡೆಯಿಂದಲೇ ಬಂತು, "ಆ ದಿನ ನಾನೂ ಅಲ್ಲಿದ್ದೆ."