ಆರ್ಡಿಸ್ ಜೆಲಿನೆಕ್ ಅವರ ಕಾಲೇಜು

ಆರ್ಡಿಸ್ ಜೆಲಿನೆಕ್ ಅವರಿಗೆ ‘ಇಲ್ಲ’ ಎಂಬ ಉತ್ತರ ಒಂದೇ ಸಲಕ್ಕೆ ಕೇಳಿಸಿದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡವರಿಲ್ಲ. ಕಿವಿ ಮಂದವೆಂದು ಭಾವಿಸಬೇಡಿ; ಬೋರ್ಡಿನ ಕಡೆ ಮುಖ ಮಾಡಿ ನಿಂತಾಗಲೂ ಕೊನೆಯ ಸಾಲಿನ ಪಿಸುಮಾತು ಅವರಿಗೆ ಅಕ್ಷರಶಃ ತಿಳಿಯುತ್ತಿತ್ತು. ಇಲ್ಲವೆಂದವರ ಮಾತನ್ನು ಅವರು ತಲೆದೂಗುತ್ತ ಪೂರ್ತಿಯಾಗಿ ಆಲಿಸುವರು, ಕೋಟಿನ ಜೇಬಿನಿಂದ ಒಂದು ಪೆಪ್ಪರಮಿಂಟು ತೆಗೆದು ಬಾಯಿಗೆ ಹಾಕಿಕೊಳ್ಳುವರು, ಅದು ಕರಗುವಷ್ಟು ಹೊತ್ತು ಮಳೆಗಾಳಿಯ ವಿಷಯ ಮಾತಾಡುವರು, ಆಮೇಲೆ ಅದೇ ಪ್ರಶ್ನೆಯನ್ನು ಆಗಷ್ಟೇ ಹೊಳೆದದ್ದೆಂಬಂತೆ ಮತ್ತೆ ಕೇಳುವರು. ಅವರು ಇಂಗ್ಲಿಷ್ ಹೇಳಿಕೊಡುತ್ತಿದ್ದ ಹೈಸ್ಕೂಲಿನಲ್ಲೇ ಗಣಿತ ಕಲಿಸುತ್ತಿದ್ದ ನಾನು ಈ ಪೆಪ್ಪರಮಿಂಟಿನ ವಾಸನೆಗೇ ಹೆದರಿ ಎಷ್ಟೋ ಕೆಲಸಗಳಿಗೆ ಮುಂಚಿತವಾಗಿ ಹೂಂ ಎಂದಿದ್ದೇನೆ.

ಕೋಟು ಎಂದೆನಲ್ಲ, ಅದು ಬೀಜದ ಕಂಪನಿಯೊಂದು ಅವರ ಗಂಡನಿಗೆ ಪುಕ್ಕಟೆ ಕೊಟ್ಟ ಸಾಸಿವೆ ಬಣ್ಣದ ಕ್ಯಾನ್ವಾಸು ಕೋಟು. ಬೆನ್ನ ಮೇಲೆ ಅಂಗೈಯಗಲದ ಮೆಕ್ಕೆಜೋಳದ ತೆನೆಯ ಚಿತ್ರ. ನೆಬ್ರಾಸ್ಕಾದ ಚಳಿಯಲ್ಲಿ ಮಾತ್ರವಲ್ಲ, ಪದವಿ ಸಮಾರಂಭದ ವೇದಿಕೆಯಲ್ಲೂ ಅದೇ. ನಡಿಗೆಯಲ್ಲಿ ಭುಜಗಳು ಮೊದಲು ತಲುಪಿ ಕಾಲುಗಳು ಆಮೇಲೆ ಬರುತ್ತಿದ್ದವು. ಯಾರು ಏನೇ ಹೇಳಿ ಮುಗಿಸಲಿ, “ಸರಿ, ಆಮೇಲೆ?” ಎನ್ನುವುದು ಅವರ ರೂಢಿ. ಒಂದು ಭಾನುವಾರ ಪಾದ್ರಿಗಳು ಪ್ರವಚನ ಮುಗಿಸಿ ಉಸಿರೆಳೆದುಕೊಳ್ಳುತ್ತಿದ್ದಾಗ ಮುಂದಿನ ಸಾಲಿನಿಂದ ಇದು ಕೇಳಿಬಂದು, ಪಾಪ, ಆ ಸಾಧು ಮನುಷ್ಯ ಇನ್ನೊಂದು ಕಂತು ಉಪದೇಶ ಮಾಡಬೇಕಾಯಿತು.

ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ತಮ್ಮ ಬೆಂಚಿನಲ್ಲೇ ಕೂತು ಕಾಲೇಜಿನ ಬರವಣಿಗೆಯ ಪಾಠ ಕಲಿತರೆ ಅದು ಮುಂದೆ ಕಾಲೇಜಿನಲ್ಲೂ ಲೆಕ್ಕಕ್ಕೆ ಬರುವ ಏರ್ಪಾಡನ್ನು ನಮ್ಮೂರಿಗೆ ತಂದವರು ಅವರೇ. ಅದಕ್ಕಿದ್ದ ನಿಯಮ ವಿಚಿತ್ರವಾದದ್ದು: ಇಂಥ ಪಾಠ ಹೇಳುವವರು ಆ ವಿಷಯದಲ್ಲೇ ಸ್ನಾತಕೋತ್ತರ ವ್ಯಾಸಂಗ ಮಾಡಿರಬೇಕು; ಶಿಕ್ಷಣಶಾಸ್ತ್ರದಲ್ಲಿ ಆರ್ಡಿಸ್ ಗಳಿಸಿದ್ದ ಪದವಿ ಅಲ್ಲಿ ನಡೆಯದು. ಎರಡು ದಿನ ಕಂಡಕಂಡವರ ಮೇಲೆಲ್ಲ ಹರಿಹಾಯ್ದರು. ಮೂರನೆಯ ದಿನ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿದರು. ಬೇಸಿಗೆಗಳನ್ನೆಲ್ಲ ಎಳೆಯರ ನಡುವೆ ಕೂತು ಓದಿದರು. ಒಂದು ವಿಷಯದಲ್ಲಿ ಬಂದ ಕಳಪೆ ದರ್ಜೆಯನ್ನು ಮುಚ್ಚಿಡದೆ, ಆ ಸೋಲಿನ ಕಥೆಯನ್ನು ಪ್ರತಿ ವರ್ಷದ ಮಕ್ಕಳಿಗೂ ಹೇಳಿ ತಾವೇ ನಕ್ಕರು.

ಹೀಗೆ ನಡೆಯುತ್ತಿದ್ದ ತರಗತಿಗೆ ಒಂದು ಶರದೃತುವಿನಲ್ಲಿ ಕುತ್ತು ಬಂತು. ಒಳ್ಳೆಯ ಅಂಕಗಳಿದ್ದವರಿಗೆ ಮಾತ್ರ ಪ್ರವೇಶವೆಂದು, ಈ ಪಾಠಕ್ಕೆ ಮಾನ್ಯತೆ ಕೊಡುತ್ತಿದ್ದ ಕಾಲೇಜು ಹೊಸದಾಗಿ ವಿಧಿಸಿತು. ಅಂಥವರು ನಮ್ಮಲ್ಲಿದ್ದದ್ದು ಬೆರಳೆಣಿಕೆಯಷ್ಟು. ಅಷ್ಟೇ ಜನಕ್ಕಾದರೆ ತರಗತಿಯನ್ನೇ ಮುಚ್ಚುವುದಾಗಿ ಹೇಳಿತು. ಆರ್ಡಿಸ್ ಆಗಲೇ ಸಾಧಾರಣ ಅಂಕಗಳ ನಾಲ್ವರನ್ನು ಕೂರಿಸಿಕೊಂಡುಬಿಟ್ಟಿದ್ದರು. ಈ ನಾಲ್ವರು ಉಳಿದರೆ ತರಗತಿ ಎಲ್ಲರಿಗೂ ಉಂಟು, ಹೊರಗಾದರೆ ಯಾರಿಗೂ ಇಲ್ಲ. ಆ ನಾಲ್ವರಲ್ಲಿ ವೇಡ್ ಬ್ರಾಂಡ್ ಎಂಬ ಹುಡುಗನಂತೂ ಮೊದಲ ದಿನವೇ, “ಮಿಸೆಸ್ ಜೆಲಿನೆಕ್, ಕಾಲೇಜು ಗೀಲೇಜು ನಮ್ಮಂಥೋರಿಗಲ್ಲ ಬಿಡಿ” ಎಂದಿದ್ದನಂತೆ. ಅವರು ಕೇಳಿದ್ದು ಯಥಾಪ್ರಕಾರ: “ಸರಿ, ಆಮೇಲೆ?”

ಕಾಲೇಜಿನ ಡೀನ್ ಟಾಲಿವರ್ ಎಂಬವರನ್ನು ಫೋನಿನಲ್ಲಿ ಕಾಡಿ ಬೇಡಿ, ಕಣ್ಣಾರೆ ನೋಡಿಯೇ ತೀರ್ಮಾನಿಸಿ ಎಂದು ಒಪ್ಪಿಸಿ, ಅಕ್ಟೋಬರಿನ ಒಂದು ಮಂಗಳವಾರ ಕರೆಸಿಕೊಂಡರು. ಡೀನ್ ಬಂದರು, ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಬೂಟು. ತರಗತಿಯಲ್ಲಿ ಜಾಣರೆಲ್ಲ ಇದ್ದರು. ಯಾರನ್ನು ನೋಡಲೆಂದು ಬಂದಿದ್ದರೋ ಆ ನಾಲ್ಕು ಕುರ್ಚಿಗಳು ಮಾತ್ರ ಖಾಲಿ.

“ಕ್ಲಾಸಿಗೇ ಬರದೋರಿಗೆ ಕಾಲೇಜ್ ಕೋರ್ಸ್ ಬೇರೆ ಕೇಡು! ಇದನ್ನ ನೋಡೋಕೆ ನಾನು ಅಷ್ಟು ದೂರದಿಂದ ಬಂದೆನಾ?” ಎಂದರು ಡೀನ್.

ಆರ್ಡಿಸ್ ಉತ್ತರ ಹುಡುಕುತ್ತ ತಮ್ಮ ಮೇಜಿನತ್ತ ನೋಡಿ ನಾಲಿಗೆ ಕಚ್ಚಿಕೊಂಡರು. ಅಲ್ಲಿ ಅವರೇ ಬೆಳಗ್ಗೆ ಬೇಯಿಸಿ ತಂದಿದ್ದ ದಾಲ್ಚಿನ್ನಿ ರೋಲುಗಳ, ಅಂದರೆ ಸುರುಳಿ ಸುತ್ತಿದ ಸಿಹಿ ಬನ್ನುಗಳ, ದೊಡ್ಡ ತಟ್ಟೆ ಇತ್ತು. ವೇಡನ ತಂದೆ ರೆಕ್ಸ್ ಕಾಲು ಮುರಿದುಕೊಂಡಿದ್ದರಿಂದ ಅವರ ಮೆಕ್ಕೆಜೋಳವನ್ನು ಅಕ್ಕಪಕ್ಕದವರೆಲ್ಲ ಸೇರಿ ಮಂಗಳವಾರ ಕೊಯ್ದುಕೊಡುವುದೆಂದು ಚರ್ಚಿನಲ್ಲಿ ನಿಶ್ಚಯವಾಗಿತ್ತು. ಇಂಥ ಕೊಯ್ಲಿನ ದಿನ ನಮ್ಮ ಕಡೆ ಯಂತ್ರ ಓಡಿಸಬಲ್ಲ ಮಗು ಶಾಲೆಗೆ ಬರುವುದಿಲ್ಲ, ಬಾ ಎಂದು ಯಾರೂ ಹೇಳುವುದೂ ಇಲ್ಲ. ಕೊಯ್ಲಿನವರಿಗೆ ರೋಲು ತರುವುದಾಗಿ ಎದ್ದು ನಿಂತು ಮಾತು ಕೊಟ್ಟ ಆರ್ಡಿಸ್, ಅದೇ ಮಂಗಳವಾರಕ್ಕೆ ಡೀನರನ್ನೂ ಕರೆದು ಕೂತಿದ್ದರು. ರೈತನ ಮಗಳು, ರೈತನ ಹೆಂಡತಿ, ಆದ ಎಡವಟ್ಟು ನೋಡಿ!

ಅವರು ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು, “ಈ ತಟ್ಟೆಯ ಆ ಕಡೆ ಸ್ವಲ್ಪ ಹಿಡೀತೀರಾ?” ಎಂದರು. ತಟ್ಟೆ ಹಿಡಿದ ಡೀನ್ ಅದರ ಹಿಂದೆಯೇ ಆರ್ಡಿಸ್ ಅವರ ಪಿಕಪ್ಪು ಗಾಡಿ ಹತ್ತಬೇಕಾಯಿತು. ಡೀನರನ್ನು ಎದುರುಗೊಳ್ಳಲೆಂದು ಅಲ್ಲೇ ಇದ್ದ ನಾನು, ರೋಲುಗಳು ಉರುಳದಂತೆ ಹಿಂದಿನ ಸೀಟಿನಲ್ಲಿ ಕೂತೆ.

ಬ್ರಾಂಡರ ಹೊಲದಲ್ಲಿ ಕೊಯ್ಲಿನ ಯಂತ್ರಗಳು ಧೂಳೆಬ್ಬಿಸುತ್ತಿದ್ದವು. ವೇಡನ ಯಂತ್ರದಲ್ಲಿ ಚಾಲಕನ ಪಕ್ಕದ ಪುಟ್ಟ ಸೀಟಿಗೆ ಡೀನರನ್ನು ಹತ್ತಿಸಿ, ಆರ್ಡಿಸ್ ಕೆಳಗೆ ರೇಡಿಯೋ ಹಿಡಿದು ನಿಂತರು. ಹೊಲದಲ್ಲಿದ್ದವರೆಲ್ಲ ಪರಸ್ಪರ ಮಾತಾಡುವ ರೇಡಿಯೋ ಅದು. “ವೇಡ್, ನಿನ್ನ ಪ್ರಬಂಧ ಹೇಳು. ಉಳಿದೋರು ಕಾಳು ಚೆಲ್ಲದೆ ಕೇಳಿ.”

ನಮ್ಮೂರ ಶಾಲೆಯನ್ನು ಮುಚ್ಚಿ ಪಕ್ಕದೂರಿನದಕ್ಕೆ ಸೇರಿಸಬೇಕು ಎಂಬುದು ವೇಡನ ವಾದ. ಅವನು ಎರಡನೆಯ ಕಾರಣಕ್ಕೆ ಬರುವಷ್ಟರಲ್ಲಿ ರೇಡಿಯೋದಲ್ಲಿ ರಂಪವೆದ್ದಿತು.

“ಲೇ, ಅನ್ನ ಹಾಕಿದ ಊರಿಗೇ ಕನ್ನ ಹಾಕ್ತೀಯೇನೋ?” ಇದು ಕಾಲಿಗೆ ಕಟ್ಟು ಹಾಕಿಸಿಕೊಂಡು ತಮ್ಮ ಪಿಕಪ್ಪಿನಲ್ಲಿ ಕೂತಿದ್ದ ರೆಕ್ಸ್.

“ಅಂಕಲ್, ಬಯ್ಯೋದು ವಾದ ಅಲ್ಲ. ಕಾರಣ ಕೊಡಿ,” ಎಂದಳು ಟ್ರ್ಯಾಕ್ಟರಿನಲ್ಲಿ ಕಾಳಿನ ಬಂಡಿ ಎಳೆಯುತ್ತಿದ್ದ ಜೋಲೀನ್ ವೆಬರ್, ನಾಲ್ವರಲ್ಲಿ ಇನ್ನೊಬ್ಬಳು. “ವೇಡ್, ನೀನು ಹೇಳಿದ್ದೂ ಸರಿಯಿಲ್ಲ. ಬಸ್ಸಲ್ಲಿ ದಿನಾ ಅಷ್ಟೊತ್ತು ಕೂತ್ರೆ ಪುಟ್ಟ ಮಕ್ಕಳ ಗತಿ ಏನು?”

“ಮಕ್ಕಳು ನಿದ್ದೆ ಮಾಡ್ತಾರೆ ಬಿಡು,” ಎಂದ ವೇಡ್.

ಆಗ ರೇಡಿಯೋದಲ್ಲಿ ಹೊಸ ದನಿಯೊಂದು ಕೇಳಿತು. “ಅದಕ್ಕೆ ಆಧಾರ ಏನಪ್ಪಾ?” ಡೀನ್ ತಮ್ಮನ್ನು ತಾವೇ ಮರೆತಿದ್ದರು.

ವೇಡ್ ಸಾಲಿನ ತುದಿಯಲ್ಲಿ ಯಂತ್ರವನ್ನು ತಿರುಗಿಸಿಕೊಂಡ. “ಆಧಾರ ಇಲ್ಲ ಸರ್,” ಎಂದ. “ಸುಮ್ನೆ ಬುರುಡೆ ಬಿಟ್ಟೆ. ಹುಡುಕಿ ಬರೀತೀನಿ. ಸಿಗದಿದ್ರೆ ಆ ಸಾಲು ತೆಗೀತೀನಿ.”

ಕೆಳಗಿಳಿದ ಡೀನ್ ಬೂಟಿನ ಧೂಳು ಒರೆಸಲಿಲ್ಲ. ಚಿಲಿ ಎಂಬ ಖಾರದ ಮಾಂಸದ ಸಾರಿನ ಬಟ್ಟಲು ಒಂದು ಕೈಲಿ, ಸಿಹಿ ರೋಲು ಇನ್ನೊಂದರಲ್ಲಿ, ಆದರೂ ಮುಖದಲ್ಲಿ ಕಳವಳ. “ಹುಡುಗ ಚುರುಕಾಗಿದಾನೆ, ಇಲ್ಲ ಅನ್ನಲ್ಲ. ಆದ್ರೆ ಫೇಲಾದ್ರೆ ಅದು ಕಾಲೇಜಿನ ದಾಖಲೆಯಲ್ಲಿ ಜೀವನಪೂರ್ತಿ ಉಳಿಯುತ್ತಮ್ಮಾ. ಆ ಪಾಪ ನಿಮಗೆ ಬೇಕಾ?”

ಆರ್ಡಿಸ್ ಮೊದಲ ಬಾರಿಗೆ ತಲೆದೂಗಲಿಲ್ಲ. “ಬೀಳೋದಾದ್ರೆ ಇಲ್ಲೇ ಬೀಳಲಿ, ನಾನಿರೋವಾಗ ಬೀಳಲಿ. ಎಬ್ಬಿಸೋಕೆ ನಾನಿದೀನಿ. ಬಾಗಿಲಲ್ಲೇ ತಡೆದ್ರೆ ಅವರು ಬೀಳೋದೂ ಇಲ್ಲ, ಏಳೋದೂ ಇಲ್ಲ,” ಎನ್ನುವಾಗ ಅವರ ದನಿ ನಡುಗಿತು. ಅಷ್ಟು ವರ್ಷಗಳಲ್ಲಿ ಆ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಡೀನ್ ರೋಲು ತಿಂದು ಮುಗಿಸಿದರು. ಆ ವರ್ಷದ ಮಟ್ಟಿಗೆ ಒಪ್ಪಿದರು.

ಡಿಸೆಂಬರಿನ ಫಲಿತಾಂಶದಲ್ಲಿ ನಾಲ್ವರಲ್ಲಿ ಮೂವರು ತೇರ್ಗಡೆಯಾದರು, ವೇಡ್ ಕೂದಲೆಳೆಯ ಅಂತರದಲ್ಲಿ. ಜೋಲೀನ್ ಫೇಲಾದಳು. ಆರ್ಡಿಸ್ ಅವಳ ಮನೆಗೆ ಹೋಗಲು ಧೈರ್ಯ ಸಾಲದೆ ಒಂದು ವಾರ ಒದ್ದಾಡಿದರು. ಕೊನೆಗೆ ದಿನಸಿ ಅಂಗಡಿಯಲ್ಲಿ ಅವಳೇ ಎದುರಾದಳು. ಕೌಂಟರಿನ ಹೆಂಗಸು ಕೊಂಕಾಗಿ ವಿಚಾರಿಸಿದ್ದಕ್ಕೆ ಆ ಹುಡುಗಿ ತಲೆಯೆತ್ತಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: “ಹೌದು, ಫೇಲಾದೆ. ನಮ್ಮ ವಂಶದಲ್ಲೇ ಕಾಲೇಜಲ್ಲಿ ಫೇಲಾದ ಮೊದಲನೇವಳು ನಾನು. ಜನವರಿಗೆ ಮತ್ತೆ ಕೂರ್ತೀನಿ.”

ಯೋಗ್ಯರನ್ನು ಆರಿಸಿ ಒಳಗೆ ಬಿಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರಿಲ್ಲದೆ ನಡೆಯದು ಎಂಬುದೂ ನಿಜವಿರಬಹುದು. ಆದರೆ ಒಳಗೆ ಕೂತ ಮೇಲೆಯೇ ಯೋಗ್ಯತೆ ಹುಟ್ಟುವುದೆಂದು ನಂಬಿದ ಇನ್ನೊಂದು ಜಾತಿಯ ಜನರಿದ್ದಾರೆ; ಅವರು ಎಲ್ಲರನ್ನೂ ಗೆಲ್ಲಿಸುವುದಿಲ್ಲ, ಗೆಲ್ಲಿಸುತ್ತೇವೆಂದು ಹೇಳುವುದೂ ಇಲ್ಲ. ಅವರ ಕೈಕೆಳಗೆ ಕಲಿತವರು ಸೋತಾಗಲೂ ಹೊರಗಿನವರಂತೆ ಸೋಲುವುದಿಲ್ಲ, ಒಳಗಿನವರಂತೆ ಸೋಲುತ್ತಾರೆ.