‘ಯಾರು’ ಎಂದು ಹೇಳದ ಜೋಶಿ

ಹೀರಾಕಾಜಿ ಜೋಶಿಯವರು ತಲೆಯೆತ್ತಿ ಆಕಾಶ ನೋಡಿದ್ದನ್ನು ನೇಪಾಳದ ನಮ್ಮ ಭಕ್ತಪುರದಲ್ಲಿ ಕಂಡವರಿಲ್ಲ. ತಲೆತಲಾಂತರದಿಂದ ಗ್ರಹಗತಿಯನ್ನು ಗುಣಿಸುತ್ತ ಬಂದ ಮನೆತನದ ಆ ಮನುಷ್ಯ ಬೀದಿಗಿಳಿದರೆ ಗದ್ದವನ್ನು ಎದೆಗೆ ಊರಿಕೊಂಡು, ಇಟ್ಟಿಗೆ ಹಾಸಿನ ಮೇಲೆ ಬಿದ್ದ ಸೂರುಗಳ ನೆರಳನ್ನೇ ನೋಡುತ್ತ, ಗೋಡೆಯ ಮಗ್ಗುಲಲ್ಲೇ ಸರಿದು ಹೋಗುತ್ತಿದ್ದರು. ಅವರಿಗೆ ನೆರಳೇ ಗಡಿಯಾರ.

“ಏನ್ ಜೋಶಿಜು, ನೆಲದಲ್ಲಿ ಏನ್ ಹುಡುಕ್ತಿದೀರಿ? ಶನಿ ಏನಾದ್ರೂ ಜಾರಿ ಬಿದ್ನಾ?” ಎಂದು ಮೊಸರಿನ ಅಂಗಡಿಯವನು ಕೆಣಕುತ್ತಿದ್ದ.

“ಮೇಲಿರೋದು ಎಲ್ಲೂ ಹೋಗಲ್ಲಪ್ಪ. ಎಡವೋದು ಕೆಳಗೆ, ಅಂತ ಕಾಣತ್ತೆ.”

ಈ ‘ಅಂತ ಕಾಣತ್ತೆ’ ಅವರ ಪ್ರತಿ ಮಾತಿಗೂ ಅಂಟಿಕೊಂಡ ಬಾಲ. ಮದುವೆಯ ಗಳಿಗೆಯಿರಲಿ, ಸಾಡೇಸಾತಿಯಿರಲಿ, ಕೊನೆಗೆ ಒಲೆಯ ಮೇಲಿನ ಅನ್ನವಿರಲಿ, ಅವರು ಖಡಾಖಂಡಿತವಾಗಿ ಒಂದು ಮಾತು ಹೇಳಿದವರಲ್ಲ. “ನಾನು ನಿಮ್ಮ ಹೆಂಡ್ತಿ ಅನ್ನೋದಾದ್ರೂ ಖಾತ್ರಿ ಇದೆಯೋ, ಅದೂ ಹಾಗೆ ಕಾಣತ್ತೋ?” ಎಂದು ಹೆಂಡತಿ ಮೂದಲಿಸಿದಾಗ ಅವರು ನಕ್ಕು, ಮೈಗಂಟಿದ ಕಪ್ಪು ಉಣ್ಣೆಯ ಕೋಟಿನ ಜೇಬಿನಿಂದ ಹುರಿದ ಕರಿ ಸೋಯಾಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಕೋಟಿಗೆ ಋತುಭೇದವಿರಲಿಲ್ಲ. ಬೇಸಿಗೆಯಲ್ಲೂ ಕೊರಳಿನವರೆಗೆ ಗುಂಡಿ ಹಾಕಿದ ಆ ಕೋಟಿನೊಳಗೆ ಕುಳಿತೇ ಅವರು ಓಣಿಯ ಎಲ್ಲ ಶಿಶುಗಳ ಜಾತಕ ಬರೆದಿದ್ದರು.

ಜೋಶಿಯವರನ್ನು ಬಣ್ಣಿಸಹೊರಟರೆ ಬೇಖಾನಾರಾಯಣ ಕರ್ಮಾಚಾರ್ಯರನ್ನು ಬಿಡುವಂತಿಲ್ಲ. ಊರಿನ ಬಾಯಲ್ಲಿ ಅವರು ಆಚಾಜು, ದೇವಿಯ ತಾಂತ್ರಿಕ ಪುರೋಹಿತರು. ನಮ್ಮಲ್ಲಿ ಒಂದು ಮನೆಗೆ ಪಾಯ ಹಾಕಬೇಕಾದರೂ ಜೋಶಿ ಗಳಿಗೆ ಕೊಡಬೇಕು, ಆಚಾಜು ಪೂಜೆಗೆ ಕೂರಬೇಕು. ಒಬ್ಬರದು ತೆರೆದ ವಿದ್ಯೆ: ಬಿಸಿಲಿನಲ್ಲಿ ಚಾಪೆ ಹಾಸಿ, ಪಂಚಾಂಗ ಬಿಚ್ಚಿ, ಎಲ್ಲರ ಕಣ್ಣೆದುರಿಗೆ ಕೂಡಿ ಕಳೆಯುವುದು. ತಪ್ಪಿದರೆ ಇನ್ನೊಬ್ಬ ಜೋಶಿ ಬಂದು ತಿದ್ದಬಹುದು. ಇನ್ನೊಬ್ಬರದು ಮುಚ್ಚಿದ ವಿದ್ಯೆ: ದೀಕ್ಷೆಯಿಲ್ಲದವರು ಕಾಲಿಡದ ಕೋಣೆ, ಹೊರಗೆ ಕೇಳಿಸದ ಮಂತ್ರ, ಮದ್ಯ ಮಾಂಸಗಳ ನೈವೇದ್ಯ. ತಪ್ಪಿದರೆ ತಿದ್ದುವವಳು ದೇವಿಯೊಬ್ಬಳೇ. ಒಬ್ಬರು ಬರಲಿರುವುದನ್ನು ಓದಿ ಹೇಳುವರು. ಇನ್ನೊಬ್ಬರು ಬರಲಿರುವುದಕ್ಕೆ ಅಡ್ಡ ನಿಲ್ಲುವರು.

ಜೋಶಿಯವರು ಕಡ್ಡಿಯಂತಿದ್ದರೆ ಆಚಾಜು ಗುಡಾಣ. ಜೋಶಿಯವರದು ಪಿಸುಮಾತು, ಆಚಾಜು ಕೆಮ್ಮಿದರೂ ಮೂರು ಓಣಿಗೆ ಕೇಳುತ್ತಿತ್ತು. ಹಬ್ಬದೂಟದಲ್ಲಿ ಆಚಾಜು ಮನೆಭಟ್ಟಿಯ ಸಾರಾಯಿಯಾದ ಐಲಾವನ್ನು ಬಟ್ಟಲುಗಟ್ಟಲೆ ಇಳಿಸುವಾಗ, ಜೋಶಿಯವರು ಅದೇ ಐಲಾವನ್ನು ಹಣೆಗೆ ಮುಟ್ಟಿಸಿ ಪಕ್ಕಕ್ಕಿಡುತ್ತಿದ್ದರು. ಇಬ್ಬರೂ ಚಿಕ್ಕಂದಿನ ಗೆಳೆಯರಾದ್ದರಿಂದ ಅವರ ವಾದ ಊಟದ ಎಲೆ ಒಣಗಿದರೂ ಮುಗಿಯುತ್ತಿರಲಿಲ್ಲ.

“ಹಣೇಲಿ ಬರೆದಿದ್ದನ್ನ ಅಳಿಸೋಕೆ ನಿನ್ನ ಹತ್ರ ಯಾವ ರಬ್ಬರ್ ಇದೆಯೋ?” ಎಂದು ಜೋಶಿಯವರು ಕೇಳುವರು.

“ನಾನು ಯಾಕಯ್ಯ ಅಳಿಸ್ಲಿ? ಬರೆದೋಳ ಹತ್ರಾನೇ ಹೋಗಿ ಜಗಳ ಆಡ್ತೀನಿ. ನೀನು ಕಾಗದ ಓದೋನು. ನಾನು ಬರೆದೋಳ ಮಗ.”

“ಜಗಳ ಆಡೋಕೂ ಗಳಿಗೆ ನನ್ನ ಹತ್ರಾನೇ ಕೇಳ್ಕೊಂಡು ಬರ್ತೀಯಲ್ಲ.”

“ಅಮ್ಮ ಯಾವಾಗ ಎದ್ದಿರ್ತಾಳೆ ಅಂತ ಬಾಗಿಲು ಕಾಯೋನನ್ನ ಕೇಳ್ಬೇಕಲ್ಲಪ್ಪ!”

ಇಂಥ ಗೆಳೆತನಕ್ಕೂ ಒಂದು ಬಿರುಕು ಬಿತ್ತು. ಒಂದು ಗೃಹಪ್ರವೇಶಕ್ಕೆ ಆಚಾಜು ನಿದ್ದೆ ಮುಗಿಸಿಕೊಂಡು ತಡವಾಗಿ ಬಂದರು. ಗಳಿಗೆ ಮೀರಿತೆಂದು ಜೋಶಿಯವರು ಎದ್ದು ನಡೆದೇಬಿಟ್ಟರು. ಆಚಾಜು “ದೇವಿಗೆ ಗಡಿಯಾರ ಇಲ್ಲ” ಎಂದು ಪೂಜೆ ಮಾಡಿ ಮುಗಿಸಿದರು. ಅಂದಿನಿಂದ ವರ್ಷಗಟ್ಟಲೆ ಅವರಿಬ್ಬರ ನಡುವೆ ಮಾತಿಲ್ಲ. ಆ ಮನೆ ಮಾತ್ರ ಗಟ್ಟಿಮುಟ್ಟಾಗಿ ನಿಂತಿತ್ತು. ಅದರ ಮುಂದೆ ಹಾಯುವಾಗ ಜೋಶಿಯವರು ಇನ್ನಷ್ಟು ತಲೆ ತಗ್ಗಿಸುತ್ತಿದ್ದರು.

ಮಾತು ನಿಂತರೂ ಕೆಲಸ ನಿಲ್ಲುವಂತಿರಲಿಲ್ಲ. ಪೂಜೆ ಮಾಡಿಸುವ ಯಜಮಾನರು ಇಬ್ಬರಿಗೂ ಅವರೇ. ಸಂದೇಶ ಒಯ್ಯುತ್ತಿದ್ದವಳು ಕುಂಬಾರರ ಕೇರಿಯ ಅಷ್ಟಮಾಯಾ. ಗಂಡ ಸತ್ತ ಮೇಲೆ ಒಬ್ಬಳೇ ಚಕ್ರ ತಿರುಗಿಸಿಕೊಂಡಿದ್ದ ಆಕೆ ಜೋಶಿಯವರ ಮನೆಗೆ ಕಲಶದ ಮಡಕೆಗಳನ್ನೂ ಆಚಾಜುವಿನ ಮನೆಗೆ ಐಲಾದ ಬಟ್ಟಲುಗಳನ್ನೂ ಕೊಡುತ್ತಿದ್ದಳು. “ಇಬ್ರೂ ಸೇರಿ ನನ್ನನ್ನ ಅಂಚೆಯವಳನ್ನಾಗಿ ಮಾಡಿದೀರಿ. ಮಣ್ಣು ಒಂದೇ ಕಣ್ರೀ, ನೀರು ಹಾಕ್ತೀರೋ ಐಲಾ ಹಾಕ್ತೀರೋ, ನಿಮ್ಮನಿಮ್ಮ ಹಣೇಬರಹ” ಎಂದು ಇಬ್ಬರನ್ನೂ ಬೈಯುತ್ತಿದ್ದಳು. ಜೋಶಿಯವರಿಗೆ ಎದುರು ಮಾತಾಡುವ ಹೆಂಗಸರು ಊರಿನಲ್ಲಿ ಇಬ್ಬರೇ: ಹೆಂಡತಿ ಮತ್ತು ಅಷ್ಟಮಾಯಾ.

ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ, ಅದೇ ಕೇರಿಯ ಪಕ್ಕದ ಲಕ್ಷ್ಮೀಭಕ್ತ ಸುವಾಲ್ ಎಂಬ ರೈತನ ಪುಟ್ಟ ಮಗಳಿಗೆ ಜ್ವರ ಹಿಡಿಯಿತು. ಇಳಿಯುವುದು, ಏರುವುದು. ಮಗು ಅನ್ನ ಬಿಟ್ಟಿತು, ಆಮೇಲೆ ಮಾತು ಬಿಟ್ಟಿತು. ಯಾರೋ ಹೇಳಿದರೆಂದು ಅವನು ಬಸ್ ನಿಲ್ದಾಣದ ಬಳಿ ಗುಡಾರ ಹಾಕಿದ್ದ, ಮೂಳೆಯ ಸರ ತೊಟ್ಟ ಪರಸ್ಥಳದ ಮಾಂತ್ರಿಕನ ಬಳಿಗೆ ಹೋದ. ಆತ ಮಗುವಿನ ತೋಳಿಗೆ ತಾಯಿತ ಕಟ್ಟಿ, “ಹತ್ತಿರದವಳೇ. ಗಂಡನಿಲ್ಲದವಳು. ಬಿಳೀ ಪದಾರ್ಥ ತಿನ್ನಿಸಿದ್ದಾಳೆ” ಎಂದ. ಮಗು ಅಷ್ಟಮಾಯಾಳ ಮನೆಯಲ್ಲಿ ಮೊಸರು ತಿಂದದ್ದು ಎಲ್ಲರಿಗೂ ನೆನಪಾಯಿತು. ಆಕೆ ಓಣಿಯ ಎಲ್ಲ ಮಕ್ಕಳಿಗೂ ಮೊಸರು ಕೊಡುತ್ತಿದ್ದಳೆನ್ನುವುದು ಯಾರಿಗೂ ನೆನಪಾಗಲಿಲ್ಲ.

ಆದರೂ ಲಕ್ಷ್ಮೀಭಕ್ತ ಕೆಟ್ಟವನಲ್ಲ. ಖಾತ್ರಿ ಮಾಡಿಕೊಳ್ಳಲು ಜಾತಕ ಹಿಡಿದು, ಅಣ್ಣತಮ್ಮಂದಿರೊಡನೆ ಜೋಶಿಯವರ ಅಂಗಳಕ್ಕೆ ಬಂದ. ಜೋಶಿಯವರು ತಾವೇ ಬರೆದ ಆ ಜಾತಕವನ್ನು ಬಹಳ ಹೊತ್ತು ನೋಡಿದರು.

“ದಶೆ ಚೆನ್ನಾಗಿಲ್ಲ. ದಸರೆ ಕಳೆದರೆ ಹಗುರಾಗತ್ತೆ, ಅಂತ ಕಾಣತ್ತೆ. ಅಲ್ಲೀವರ್ಗೂ ಕಾಯ್ಬೇಡ, ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ಹೋಗು.”

“ಅದು ಸರಿ ಜೋಶಿಜು. ಮಾಡಿದ್ದು ಯಾರು? ಅದನ್ನ ಹೇಳಿ.”

“ಅದು ಇದರಲ್ಲಿಲ್ಲ.”

“ಬಸ್ ಸ್ಟ್ಯಾಂಡಿನೋನಿಗೆ ಕಂಡಿದ್ದು ನಿಮಗೆ ಕಾಣ್ಲಿಲ್ವಾ? ಹೆಸರು ಬೇಡ, ಯಾವ ದಿಕ್ಕಿನ ಮನೆ ಅಂತ ಹೇಳಿ ಸಾಕು.”

ಕುಂಬಾರರ ಕೇರಿ ಆ ಮನೆಗೆ ಯಾವ ದಿಕ್ಕೆಂದು ಜೋಶಿಯವರಿಗೆ ಗೊತ್ತಿತ್ತು. ಅವರು ಜಾತಕವನ್ನು ಸುರುಳಿ ಸುತ್ತಿ ಕೊಟ್ಟರು.

“ನಕ್ಷತ್ರಗಳಿಗೆ ನೆರೆಮನೆಯವರ ಹೆಸರು ಗೊತ್ತಿರಲ್ಲ, ಲಕ್ಷ್ಮೀಭಕ್ತ. ಯಾವಾಗ ಅನ್ನೋದು ನನ್ನ ವಿದ್ಯೆ. ಹೇಗೆ ದಾಟಬೇಕು ಅನ್ನೋದು ಆಚಾಜು ವಿದ್ಯೆ. ಯಾರು ಅನ್ನೋದು ವಿದ್ಯೇನೇ ಅಲ್ಲ. ಹಾಗೆ ಹೇಳೋನು ಜೋಶೀನೂ ಅಲ್ಲ, ತಾಂತ್ರಿಕನೂ ಅಲ್ಲ.”

ಈ ಮಾತಿಗೆ ಬಾಲವಿರಲಿಲ್ಲ. ಕಿಟಕಿಯಲ್ಲಿ ನಿಂತಿದ್ದ ಹೆಂಡತಿ ಅದನ್ನು ಗಮನಿಸಿದಳು. ಲಕ್ಷ್ಮೀಭಕ್ತ ಗಮನಿಸಲಿಲ್ಲ. “ನಿಮ್ಮ ಪಂಚಾಂಗ ಬೂದಿಯಾಯ್ತು ಬಿಡಿ” ಎಂದು ಉಗುಳಿ ಹೊರಟುಹೋದ.

ಬಿಸಿಲು ಸೂರಿನಿಂದ ಇಳಿಯುವ ಹೊತ್ತಿಗೆ ಅಷ್ಟಮಾಯಾಳ ಬಾಗಿಲಲ್ಲಿ ಜನ ಸೇರಿದ್ದಾರೆಂಬ ಸುದ್ದಿ ಬಂತು. ಜೋಶಿಯವರು ಕೋಟಿನ ಗುಂಡಿ ಹಾಕಿಕೊಂಡು, ವಾಡಿಕೆಯಂತೆ ಹೊಸ್ತಿಲಲ್ಲಿ ನಿಂತು ನೆರಳು ನೋಡಿದರು.

“ಗಳಿಗೆ ಹೇಗಿದೆ?” ಎಂದಳು ಹೆಂಡತಿ.

“ಕೆಟ್ಟದಾಗಿದೆ.”

“ಮತ್ತೆ?”

“ಮಳೆ ಇದೆ ಅಂದ್ರೆ ಛತ್ರಿ ಹಿಡ್ಕೊಂಡು ಹೋಗ್ತಾರೆ. ಹೋಗೋದೇ ಬಿಡ್ತಾರಾ?”

ಅವರು ನೆಟ್ಟಗೆ ಹೋದದ್ದು ಆಚಾಜುವಿನ ಮನೆಗೆ. ಅಂಗಳದಲ್ಲಿ ಬರಿಮೈಯಲ್ಲಿ ಎಣ್ಣೆ ಹಚ್ಚಿಕೊಂಡು ಕುಳಿತಿದ್ದ ಗೆಳೆಯನೆದುರು ನಿಂತು, “ಏಳು” ಎಂದರು.

ಆಚಾಜು ಕಣ್ಣು ಕಿರಿದಾಗಿಸಿ ನೋಡಿದರು. “ಇಷ್ಟು ವರ್ಷದ ಮೇಲೆ ಬಾಯಿ ಬಿಟ್ಟೆ, ಅದೂ ಒಂದೇ ಒಂದು ಮಾತು. ಏನಾಯ್ತು?”

“ಅಷ್ಟಮಾಯಾನ್ನ ಬೊಕ್ಸಿ ಅಂತಿದಾರೆ.”

ಬೊಕ್ಸಿ ಎಂದರೆ ಮಾಟಗಾತಿ. ಆ ಮಾತು ಅಂಟಿದ ಹೆಂಗಸರ ಗತಿ ಏನಾಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಆಚಾಜು ಅಂಗಿ ತೊಡಲೂ ನಿಲ್ಲದೆ, ಒಂದು ಶಾಲು ಹೊದ್ದು ಹೊರಟರು. ಜೋಶಿಯವರು ಹಿಂದೆಯೇ ನಡೆದರು.

ಕೇರಿಯಲ್ಲಿ ಒಣಗಲಿಟ್ಟ ಹಣತೆಗಳು ಕಾಲಿಗೆ ಸಿಕ್ಕಿ ಪುಡಿಯಾಗಿದ್ದವು. ಅಷ್ಟಮಾಯಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಎದುರು ಮಾತಾಡುವ ಆ ಬಾಯಿ ಕಟ್ಟಿಹೋಗಿತ್ತು. “ಒಪ್ಪಿಕೋ, ಒಪ್ಪಿಕೊಂಡ್ರೆ ಬಿಡ್ತೀವಿ” ಎಂದು ಹೆಂಗಸರು ಕೂಗುತ್ತಿದ್ದರು. ಒಬ್ಬಳ ಕೈಯಲ್ಲಿ ಮಡಕೆ ಸುಡುವ ಆವಿಗೆಯ ಕೋಲಿತ್ತು. ಆಚಾಜು ಯಾರನ್ನೂ ತಳ್ಳಲಿಲ್ಲ. ಗುಂಪನ್ನು ಸೀಳಿಕೊಂಡು ನಡೆದು, ಅವಳ ಹೊಸ್ತಿಲ ಮೇಲೆ ಆ ದೊಡ್ಡ ಮೈಯನ್ನು ಧೊಪ್ಪನೆ ಇಳಿಸಿದರು.

“ಅಷ್ಟಮಾಯಾ, ಹಸಿವಾಗಿದೆ ಕಣೇ. ಸಗುನ್ ಕೊಡು.”

ಸಗುನ್ ಎಂದರೆ ನಮ್ಮಲ್ಲಿ ಬರಿಯ ತಿಂಡಿಯಲ್ಲ. ಬೇಯಿಸಿದ ಮೊಟ್ಟೆ, ಒಣ ಮೀನು, ಮೇಲೆ ಐಲಾ: ದೇವಿಗೆ ಒಳಕೋಣೆಯಲ್ಲಿ ಅರ್ಪಿಸುವುದನ್ನೇ ಮನೆಯ ಹಿರಿಯ ಹೆಣ್ಣು ಹುಟ್ಟುಹಬ್ಬಕ್ಕೆ, ಪಯಣಕ್ಕೆ ಹರಸಿ ಕೈಗೆ ಕೊಡುವುದು. ಮುಚ್ಚಿದ ಕೋಣೆಯ ತಂತ್ರ ನಮ್ಮ ಅಡುಗೆಮನೆಗೆ ಬಂದು ಕೂತದ್ದು ಹೀಗೆ.

“ಆಚಾಜು, ನಾನು… ನನ್ನ ಕೈಯಿಂದಲಾ?” ಎಂದಳು ಅವಳು.

“ಮತ್ತೆ ಇವರ ಕೈಯಿಂದ ತಿನ್ಲಾ? ಕೋಲು ಹಿಡ್ಕೊಂಡಿದಾರೆ, ಕೈ ಖಾಲಿ ಇಲ್ಲ ಪಾಪ.”

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಅವಳು ತಂದಿತ್ತದ್ದನ್ನು ಆಚಾಜು ನಿಧಾನವಾಗಿ, ಎಲ್ಲರೂ ನೋಡುವಂತೆ ತಿಂದರು, ಕುಡಿದರು, ಬಾಯೊರೆಸಿಕೊಂಡರು.

“ನಾಳೆ ಬೆಳಿಗ್ಗೆ ನಾನು ಸತ್ತಿದ್ರೆ ಬಂದು ಇವಳನ್ನ ಕೇಳಿ. ಬದುಕಿದ್ರೆ ನನ್ನ ಹತ್ರ ಬನ್ನಿ, ನಾನು ನಿಮ್ಮನ್ನ ಕೇಳ್ತೀನಿ.”

ಜೋಶಿಯವರು ಅಲ್ಲಿಯವರೆಗೆ ಗೋಡೆಯ ಮಗ್ಗುಲಲ್ಲಿ, ನೆಲ ನೋಡುತ್ತ ನಿಂತಿದ್ದರು. ಅವರು ಮುಂದೆ ಬಂದು ಕೈಯೊಡ್ಡಿದರು. ಅಷ್ಟಮಾಯಾ ಬಟ್ಟಲು ಕೊಟ್ಟಳು. ಹಣೆಗೆ ಮುಟ್ಟಿಸಿ ಕೆಳಗಿಡುತ್ತಾರೆಂದೇ ನಾವೆಲ್ಲ ಎಣಿಸಿದ್ದು. ಅವರು ಒಂದೇ ಗುಟುಕಿಗೆ ಕುಡಿದುಬಿಟ್ಟರು. ಗಂಟಲು ಸುಟ್ಟು, ಕಣ್ಣಲ್ಲಿ ನೀರು ಬಂದು, ಬಗ್ಗಿ ಬಗ್ಗಿ ಕೆಮ್ಮಿದರು. ಆಚಾಜು ಬೆನ್ನಿಗೆ ಗುದ್ದುತ್ತ, “ನಿಧಾನ ಕಣೋ, ತೀರ್ಥ ಅಲ್ಲ ಅದು” ಎಂದರು.

ಕೋಲು ಹಿಡಿದಿದ್ದವಳು ಮೊದಲು ಜಾರಿಕೊಂಡಳು. ಜನ ಒಬ್ಬೊಬ್ಬರಾಗಿ ಕರಗಿದರು. ಕೊನೆಗೆ ಉಳಿದವನು ಲಕ್ಷ್ಮೀಭಕ್ತ. ಆಚಾಜು ಅವನ ಹೆಗಲು ಹಿಡಿದು, “ನಡಿ, ಮಗೂನ ಎತ್ಕೋ. ನೀನು ಆಸ್ಪತ್ರೆಗೆ ಹೋಗು, ನಾನು ಮನೇಲಿ ಶಾಂತಿ ಮಾಡ್ತೀನಿ” ಎಂದರು. “ಜ್ವರಕ್ಕೆ ಡಾಕ್ಟ್ರು ಇದಾರೆ. ಮನೇಲಿ ನಿನ್ನ ಹೆಂಡ್ತಿ ಹೆದರಿ ಕೂತಿದಾಳಲ್ಲ, ಅದಕ್ಕೆ ನಾನು.”

ಅದು ವಿಷಮಶೀತಜ್ವರವೆಂದು ಆಸ್ಪತ್ರೆಯಲ್ಲಿ ತಿಳಿಯಿತು. ಮಗು ಬಡಕಲಾಗಿ ಮನೆಗೆ ಬಂತು, ಬದುಕಿತು. ಲಕ್ಷ್ಮೀಭಕ್ತ ಅದು ತಾಯಿತದ ಮಹಿಮೆಯೆಂದು ನಂಬಿದ, ಊರೆಲ್ಲ ಹೇಳಿಕೊಂಡು ತಿರುಗಿದ. ಅವನ ಇಡೀ ವಂಶ ಜೋಶಿಯವರ ಮನೆ ಬಿಟ್ಟು ಬೇರೆ ಜೋಶಿಯನ್ನು ಹಿಡಿಯಿತು. ತಾತಂದಿರ ಕಾಲದಿಂದ ಬಂದ ಸಂಬಂಧ ಹಾಗೆ ಹರಿದದ್ದು ಹೀರಾಕಾಜಿಯವರಿಗೆ ನೋಯಲಿಲ್ಲವೆಂದರೆ ಸುಳ್ಳು. ಆ ಮಗುವಿನ ಜಾತಕದ ನಕಲನ್ನು ಆಗಾಗ ತೆಗೆದು, ದಶೆ ಸರಿದದ್ದನ್ನು ನೋಡಿ, ಯಾರಿಗೂ ಹೇಳದೆ ಒಳಗಿಡುತ್ತಿದ್ದರು. ಕೇರಿಯ ಕೆಲವು ತಾಯಂದಿರು ಅಷ್ಟಮಾಯಾಳನ್ನು ಕಂಡರೆ ಮಕ್ಕಳನ್ನು ಸೆರಗಿಗೆಳೆದುಕೊಳ್ಳುವುದನ್ನು ಬಹುಕಾಲ ಬಿಡಲಿಲ್ಲ. ಆಕೆ ಮೊಸರು ಹಂಚುವುದನ್ನು ಬಿಟ್ಟಳು. ಅದಕ್ಕೆ ಮದ್ದು ಇಬ್ಬರ ಬಳಿಯೂ ಇರಲಿಲ್ಲ. ಇದ್ದದ್ದು ಇಷ್ಟೇ: ದಿನವೂ ಬೆಳಗಿನ ಬಿಸಿಲಿಗೆ ಅವಳ ಜಗಲಿಯ ಮೇಲೆ ಇಬ್ಬರು ಮುದುಕರು, ಒಬ್ಬ ಕಡ್ಡಿ ಒಬ್ಬ ಗುಡಾಣ, ಹಣೆಬರಹವನ್ನು ಕುರಿತು ಕಚ್ಚಾಡುತ್ತ ಕೂರತೊಡಗಿದರು. “ನನ್ನ ಮಡಕೆ ಒಣಗೋ ಜಾಗ ಬಿಡ್ರಪ್ಪ” ಎಂದು ಅವಳು ಗದರುವುದು ನಮ್ಮ ಕಿವಿಗೆ ಬಿದ್ದ ದಿನ, ಅವಳ ದನಿ ಮರಳಿತೆಂದು ನಾವು ಸಮಾಧಾನಪಟ್ಟೆವು.

ನಾಳೆಯನ್ನು ಬಲ್ಲೆನೆನ್ನುವವರನ್ನೂ ನಾಳೆಯನ್ನು ತಿರುಚಬಲ್ಲೆನೆನ್ನುವವರನ್ನೂ ಜನ ಹುಡುಕಿಕೊಂಡು ಹೋಗುವುದು ಹೆದರಿಕೆಯಿಂದ. ಹೆದರಿದವನಿಗೆ ಗಳಿಗೆಯೂ ಬೇಡ, ಪೂಜೆಯೂ ಬೇಡ, ಬೈಯಲು ಒಂದು ಮುಖ ಬೇಕು. ಅದನ್ನು ಕೊಟ್ಟವನು ಮಹಾಜ್ಞಾನಿಯೆನಿಸುತ್ತಾನೆ, ಅವನ ಗುಡಾರದ ಮುಂದೆ ಸಾಲು ಬೆಳೆಯುತ್ತದೆ. ಕೊಡದವನು ಯಜಮಾನರನ್ನು ಕಳೆದುಕೊಂಡು, ತನಗೆ ತಿಳಿದಿರುವುದು ಎಲ್ಲಿಗೆ ಮುಗಿಯುತ್ತದೆಂಬುದನ್ನು ದಿನವೂ ಅಳೆಯುತ್ತ, ಗೋಡೆಯ ಮಗ್ಗುಲಲ್ಲಿ ನಡೆದು ಹೋಗುತ್ತಾನೆ. ಅಂಥವರು ಹೇಳಿದ ಭವಿಷ್ಯ ಎಷ್ಟು ನಿಜವಾಯಿತೋ ಯಾರೂ ಲೆಕ್ಕವಿಟ್ಟಿಲ್ಲ. ಅವರು ಹೇಳದೆ ಬಿಟ್ಟದ್ದರಿಂದ ಬದುಕಿ ಉಳಿದವರು ಮಾತ್ರ ಪ್ರತಿ ಊರಿನಲ್ಲೂ ಇದ್ದಾರೆ. ಬಹಳಷ್ಟು ಮಂದಿಗೆ ತಾವು ಉಳಿದದ್ದೇ ತಿಳಿದಿಲ್ಲ.